ಪೆಪ್ಪರ್‌ಮಿಂಟು ಸಾಲದು

ಟ್ಯೂನಿಸಣ್ಣಾ,

ನಾನು ಮೀನು ಮಾರ್ಕೆಟ್ಟಿಗೆ ಹೊರಟೆ. ಎದುರಿಗೇ ಹೇಳೋಣ ಅಂದ್ರೆ ಉತ್ತರ ಕೊಡೋಕೆ ನೀನು ಬಾಯಿ ತೆಗೀತೀಯ. ಅದಕ್ಕೇ ಬರೆದಿಟ್ಟಿದ್ದೀನಿ.

ನಿನ್ನ ಬಾಯಿ ನಾರುತ್ತೆ. ಅತ್ತಿಗೆ ಸಾಯೋವರೆಗೂ ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಯಾಕೆ ಅಂದ್ಕೊಂಡೆ? ಚರ್ಚಲ್ಲಿ ಪ್ರವಚನ ಶುರುವಾದ ಕೂಡಲೇ ಬೆಂಚಿನ ಎರಡೂ ಕಡೆಯಿಂದ ಎಲ್ಲರೂ ಹಂಚಿಕೊಳ್ಳೋ ಪೆಪ್ಪರ್‌ಮಿಂಟು ಮೊದಲು ನಿನ್ನ ಕೈಗೇ ಬರುತ್ತಲ್ಲ, ಅದು ಹಿರಿಯ ಅನ್ನೋ ಮರ್ಯಾದೆ ಅಲ್ಲ ಕಣಣ್ಣ. ಮುಂದಿನ ಕೀರ್ತನೆಗೆ ನೀನು ಬಾಯಿ ತೆಗೆಯೋ ಮೊದಲು ಅವರು ಜೀವ ಉಳಿಸಿಕೊಳ್ತಿದ್ದಾರೆ.

ಪೆಪ್ಪರ್‌ಮಿಂಟು ನಾತ ಮುಚ್ಚುತ್ತೆ, ತೆಗೆಯಲ್ಲ. ಹಲ್ಲುಸೆಟ್ಟು ತೆಗೆದು ಬ್ರಷ್ಷಲ್ಲಿ ಉಜ್ಜು. ರಾತ್ರಿ ಅದನ್ನ ನೀರಲ್ಲಿಟ್ಟು ಮಲಗು. ನಾಲಿಗೆ ಮೇಲಿನ ಬಿಳಿ ಪಾಚಿನ ಚಮಚದಲ್ಲಿ ಕೆರೆದು ತೆಗೆ. ಆ ಚಮಚ ಮತ್ತೆ ಅಡುಗೆಮನೆಗೆ ಬಂದ್ರೆ ಕೈ ಮುರೀತೀನಿ. ಹಸಿ ಹೆರಿಂಗ್ ಮೀನು, ಈರುಳ್ಳಿ ಮುಟ್ಟಬೇಡ. ನಾಳೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರ ಹತ್ರ ಹೆಸರು ಬರೆಸಿದ್ದೀನಿ, ಒಸಡು ತೋರಿಸಿಕೊಂಡು ಬಾ.

ಇಷ್ಟೇನು ಅವಸರ ಅಂತೀಯಾ? ಭಾನುವಾರ ಅಲೈಡಾ ಮನೆಗೆ ಕಾಫಿಗೆ ಹೋಗಿ ಅವಳನ್ನ ಮದುವೆ ಆಗ್ತೀಯಾ ಅಂತ ಕೇಳ್ತೀಯಂತೆ, ಊರಿಗೆಲ್ಲ ಗೊತ್ತು. "ನಾನು ಮಾತಾಡುವಾಗ ಮುಖ ತಿರುಗಿಸದೆ ಹತ್ತಿರಕ್ಕೇ ಬರೋಳು ಅವಳೊಬ್ಬಳೇ" ಅಂತ ನೀನು ಬೀಗ್ತಿದ್ದೆ. ಚಳಿಗಾಲದ ಜ್ವರದಲ್ಲಿ ಪಾಪ, ಅವಳ ಮೂಗು ಸತ್ತು ಯಾವ ವಾಸನೆಯೂ ಗೊತ್ತಾಗ್ತಿರಲಿಲ್ಲ. ನಿನಗೆ ಹೇಳೋಕೆ ನನಗೇ ಮನಸ್ಸು ಬರಲಿಲ್ಲ.

ನಿನ್ನೆ ಬೇಕರಿಯಲ್ಲಿ ಸಿಕ್ಕಿದ್ದಳು. ಬಿಸಿ ಬ್ರೆಡ್ಡನ್ನ ಮುಖಕ್ಕೆ ಒತ್ತಿಕೊಂಡು ಅಳ್ತಾ ನನ್ನ ಹೆಸರು ಹಿಡಿದು ಕೂಗಿದಳು: "ಹಿಲ್ಲೇ, ವಾಸನೆ ಬರ್ತಿದೆ ಕಣೇ!"