ಮೂರನೆಯ ಕಂಬಳಿ

ಮಹಿಳಾ ವಿದ್ಯಾರ್ಥಿ ನಿಲಯ, ಚಿಕ್ಕೋಡಿ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಬಾಳಣ್ಣನಿಗೆ ನಿನ್ನ ನೀಲಿಯ ನಮಸ್ಕಾರಗಳು.

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ಆ ಸಾಲು ಬಿಟ್ಟಿದ್ದೇನೆ. ಫೋನನ್ನು ಅವ್ವನ ಕೈಗೆ ಕೊಟ್ಟು, ಹಿಂಡಿನಿಂದ ಸ್ವಲ್ಪ ದೂರ ಕುಳಿತು ಇದನ್ನು ಓದು. ಈ ವಾರವೆಲ್ಲ ಕಾಲ್ ಮಾಡಿದೆ. ಪ್ರತಿ ಸಲವೂ ನೀನು, ಈಗ ಅಜ್ಜ ಕರೆಯುವ ಹೊತ್ತು, ಆಮೇಲೆ ಮಾತಾಡೋಣ ಎಂದು ಕಟ್ ಮಾಡಿದೆ. ವಾಟ್ಸಾಪ್ ಮಾಡಿದರೆ ಅದೂ ಅದೇ ಫೋನಿನೊಳಗೆ ಬರುತ್ತದೆ, ಬೆರಳಿನಿಂದ ಅತ್ತ ತಳ್ಳಿಬಿಡುತ್ತೀ. ಕಾಗದವನ್ನು ಹಾಗೆ ತಳ್ಳಲು ಆಗುವುದಿಲ್ಲ. ಜುಗೂಳದ ಶಾಲೆಗೆ ಹೋಗುವ ಸರಿತಾ ಟೀಚರ್ ನಮ್ಮ ಹಾಸ್ಟೆಲಿನ ಪಕ್ಕದಲ್ಲೇ ಇರುತ್ತಾರೆ. ನಾಳೆ ಬೆಳಗಿನ ಬಸ್ಸಿಗೆ ಅವರ ಕೈಯಲ್ಲಿ ಕೊಡುತ್ತೇನೆ. ಆರನೇ ಇಯತ್ತೆಯಿಂದ ಇಂಗ್ಲಿಷ್ ಹಾಸ್ಟೆಲಿನಲ್ಲೇ ಬೆಳೆದವಳ ಕನ್ನಡ ಇದು, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಅವ್ವ ನಿನ್ನೆ ಎಲ್ಲ ಹೇಳಿದಳು. ಶನಿವಾರ ರಾಯಬಾಗದ ವ್ಯಾಪಾರಿ ಟೆಂಪೋ ತರುತ್ತಾನಂತೆ. ಮರಿಗೆ ಹಾಲು ಕುಡಿಸುತ್ತಿರುವ ಕುರಿಗಳನ್ನೂ ಬಿಡದೆ ಅರ್ಧ ಹಿಂಡು ಹತ್ತಿಸುತ್ತೀಯಂತೆ. ಯಾಕೆ ಎಂದು ಕೇಳಿದೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆ ‘ಬಂಗಾರದ ಟಗರು’ ಆಟದಲ್ಲಿ ‘ದೊಡ್ಡ ಹಿಂಡು’ ಎಂಬ ಲೆವೆಲ್ ಇದೆ, ಅದರ ಬಾಗಿಲು ತೆರೆಯಲು ದೊಡ್ಡ ಮೊತ್ತ ಹಾಕಬೇಕು, ಒಳಗೆ ಹೋದರೆ ಅಜ್ಜ ಮತ್ತೆ ಮತ್ತೆ ಕರೆಯುತ್ತಾನೆ, ಅಂದೆಯಂತೆ. ಅವ್ವ ನಿನ್ನನ್ನು ಬೈದಿರುತ್ತಾಳೆ ಅಂದುಕೊಂಡೆ. ಬೈದಿಲ್ಲ.

“ನಿಮ್ಮ ಅಜ್ಜನ ದನೀನ ಬೇ ಅದು. ಸತ್ತ ಮ್ಯಾಲೂ ಹಿಂಡು ಬಿಟ್ಟಿಲ್ಲ ಅಂವಾ,” ಎಂದಳು.

ಬೀರದೇವರ ಭಂಡಾರವನ್ನು ಫೋನಿಗೆ ಹಚ್ಚಿದ್ದಾಳಂತೆ. ಆ ಅರಿಶಿನ ಪುಡಿ ಚಾರ್ಜರಿನ ತೂತಿಗೆ ಹೋಗಿ ನೀನು ಕಡ್ಡಿ ಹಾಕಿ ಕೆದರುತ್ತಾ ಕೂತಿದ್ದೆ ಎಂದಳು. ನನಗೆ ನಗು ಬಂತು.

ಮೊದಮೊದಲು ನೀನು ನಂಬಿರಲಿಲ್ಲವಂತೆ, ಯಾರೋ ಹಂಗ ಕರೆಯುವವರು ಇರಬಹುದು ಅಂದಿದ್ದೆಯಂತೆ. ಆಮೇಲೆ ಒಂದು ದಿನ ಕಬ್ಬು ಕಡಿದ ಹೊಲದಲ್ಲಿ ಕುಳಿತು ಆಡುವಾಗ ಆ ದನಿ ಬಂತು. ಮೇಯುತ್ತಿದ್ದ ಹಿಂಡು ತಲೆ ಎತ್ತಿತು, ಬಂದು ನಿನ್ನ ಸುತ್ತ ನಿಂತಿತು. “ಮಂದಿಗೆ ಮೋಸ ಆಗಬಹುದು, ಕುರಿಗೆ ಆಗೂದಿಲ್ಲ,” ಎಂದು ಅವ್ವನಿಗೆ ಹೇಳಿದೆಯಂತೆ.

ಅಣ್ಣಾ, ಕುರಿಗೂ ಮೋಸವಾಗಿದೆ.

ಆ ದನಿ ಅಜ್ಜನದೇ. ಇಲ್ಲ ಅನ್ನುವುದಿಲ್ಲ. ಅದನ್ನು ಆ ಆಟದೊಳಗೆ ಹಾಕಿದ್ದು (ಇಲ್ಲಿ ಹೊಡೆದು ಹಾಕಿದ ಜಾಗದಲ್ಲಿ ನನ್ನ ರೂಮಿನ ಸನ್ಮತಿಯ ಹೆಸರು ಬರೆದಿದ್ದೆ) ನಾನು.

ಸನ್ಮತಿಯ ದೊಡ್ಡಪ್ಪನ ಮಗ ವಿಶ್ವಾಸ ಅಂತ, ಭೋಜ ಊರಿನವನು, ಈಗ ಪುಣೆಯಲ್ಲಿ ಗೇಮ್ ಮಾಡುವ ಒಂದು ಕಂಪನಿಯಲ್ಲಿ ಸೌಂಡ್ ಕೆಲಸ ಮಾಡುತ್ತಾನೆ. ನಾನು ಕಾಲೇಜಿಗೆ ಸೇರಿದ ಹೊಸತರಲ್ಲಿ, ಕುರಿಯ ಗೇಮ್ ಒಂದಕ್ಕೆ ನಿಜವಾದ ಕುರಿಗಾರನ ದನಿ ಬೇಕು ಎಂದು ಕೇಳಿದ. ಮಕ್ಕಳ ಆಟ ಇರಬೇಕು ಅಂದುಕೊಂಡೆ. ಅಜ್ಜ ತೀರಿಕೊಳ್ಳುವ ಮುಂಚಿನ ದೀಪಾವಳಿ ರಜೆಯಲ್ಲಿ, ಹೊಳೆಯ ದಂಡೆಯ ಮೇಲೆ ಅವನು ಹಿಂಡು ಕರೆಯುವುದನ್ನು ನಾನು ರೆಕಾರ್ಡ್ ಮಾಡಿದ್ದೆನಲ್ಲ, ಅದನ್ನು ಕಳಿಸಿದೆ. ಕನ್ನಡದ ಮಾತುಗಳನ್ನೂ ನಾನೇ ಬರೆದುಕೊಟ್ಟೆ. ಬೆಳಗ್ಗೆ ನಿನ್ನ ಫೋನಿನಲ್ಲಿ ‘ಎದ್ದಿಯೇನಪಾ, ಹಿಂಡು ನಿನ್ನ ದಾರಿ ಕಾಯಾಕತ್ತೈತಿ’ ಎಂದು ಬರುತ್ತದಲ್ಲ, ಅದು ದೇವರು ಬರೆದದ್ದಲ್ಲ. ಮೆಸ್ಸಿನಲ್ಲಿ ಉಪ್ಪಿಟ್ಟು ತಿನ್ನುತ್ತಾ ನಾನು ಬರೆದದ್ದು. ಕಂಬಳಿಯ ಚಿತ್ರ ಹಾಕಿ ಎಂದು ಹೇಳಿದವಳೂ ನಾನೇ. ಅವರು ಮೊದಲು ವಜ್ರ ಹಾಕಿದ್ದರು. ಕುರಿಗಾರರಿಗೆ ಕಂಬಳಿ ದೊಡ್ಡದು ಎಂದು ಜಾಣತನ ತೋರಿಸಿದೆ.

ಈಗ ಆಟ ಹೇಗೆ ನಡೆಯುತ್ತದೆ ಎಂದು ಕೇಳು. ಇದನ್ನೆಲ್ಲ ವಿಶ್ವಾಸನೇ ಹೇಳಿದ್ದು, ನಾನು ಅದನ್ನು ಆಡಿ ನೋಡಿಲ್ಲ. ಐದು ಚಿತ್ರದ ರೀಲು ಚಕ್ರದಂತೆ ತಿರುಗುತ್ತವೆ, ಅದರಲ್ಲಿ ಕುರಿ, ಮರಿ, ನಾಯಿ, ತೋಳ. ಬಂಗಾರದ ಟಗರು ಬಂದರೆ ಅದು ಯಾವ ಪ್ರಾಣಿಯ ಜಾಗದಲ್ಲಾದರೂ ನಿಲ್ಲುತ್ತದೆ. ಮೂರು ಕಂಬಳಿ ಬಿದ್ದರೆ ಪುಕ್ಕಟೆ ಸ್ಪಿನ್. ಇಷ್ಟು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಮುಂದಿದೆ. ಎರಡು ಕಂಬಳಿ ಬಿದ್ದ ಕೂಡಲೇ ಉಳಿದ ರೀಲು ನಿಧಾನವಾಗುವಂತೆ ಮಾಡಿಟ್ಟಿದ್ದಾರೆ. ಅಜ್ಜನ ದನಿಯನ್ನು ಕೂಡಿಸಿದ್ದು ಅಲ್ಲಿ. ಗೆದ್ದಾಗ ಅಲ್ಲ. ಮೂರನೆಯದು ಬರುತ್ತದೋ ಇಲ್ಲವೋ ಎಂದು ನೀನು ಉಸಿರು ಹಿಡಿದಿರುವಾಗ. ಅದು ಬರುವುದಿಲ್ಲ ಎಂದು ಒಳಗೆ ಆಗಲೇ ನಿಶ್ಚಯವಾಗಿದ್ದರೂ ರೀಲು ನಿಧಾನವಾಗುತ್ತದೆ, ಅಜ್ಜ ಕರೆಯುತ್ತಾನೆ. ನೀನು ಹಾಕಿದ್ದಕ್ಕಿಂತ ಕಡಿಮೆ ಮರಳಿ ಬಂದರೂ ಹಲಗಿ ಬಾರಿಸಿ, ಗೆದ್ದೆ ಎಂದು ತೋರಿಸುತ್ತಾರೆ. ‘ದೊಡ್ಡ ಹಿಂಡಿ’ನೊಳಗೆ ಅಜ್ಜ ಹೆಚ್ಚು ಕರೆಯುತ್ತಾನೆ ಅನ್ನುವುದು ನಿಜ. ಅಲ್ಲಿ ಎರಡು ಕಂಬಳಿ ಹೆಚ್ಚು ಸಲ ಬೀಳುತ್ತವೆ, ಅಷ್ಟೇ. ಮೂರನೆಯದಲ್ಲ.

ಅಜ್ಜ ನಾಲಿಗೆ ಮಡಚಿ ಒಮ್ಮೆ ಕರೆದರೆ, ಹೊಳೆಯ ಆಚೆ ದಂಡೆಗೆ ಹೋದ ಮರಿಯೂ ನೀರಿಗೆ ಇಳಿಯುತ್ತಿತ್ತು. ಅವನು ಕರೆದು ಹಿಂಡು ಬಾರದೆ ಹೋದದ್ದನ್ನು ನೀನು ಕಂಡಿದ್ದೀಯಾ? ಈ ಆಟದಲ್ಲಿ ಅವನನ್ನು ಬರೀ ಕರೆಯಲು ಇಟ್ಟಿದ್ದಾರೆ.

ನಿನ್ನೆ ಅವ್ವ ಹೇಳಿದ ಮೇಲೆ ವಿಶ್ವಾಸನಿಗೆ ಫೋನ್ ಮಾಡಿ ಆ ದನಿ ತೆಗೆ ಎಂದು ಅತ್ತೆ. ಅವನು ಸಿಟ್ಟಾಗಲಿಲ್ಲ, ಸಮಾಧಾನ ಮಾಡುವವನಂತೆ ಮಾತಾಡಿದ. “ಆತಾ ಕಾಯ್ ಕರ್ಣಾರ್, ಈಗೇನ್ ಮಾಡೂದು, ನೀಲಮ? ಭಾಳ ಛಲೋ ದನಿ ಐತಿ. ಮಂದಿ ಅದನ್ನ ಕೇಳಾಕಂತನ ಆಡಾಕತ್ತಾರ.” ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ನೀನು ನಂಬುವುದಿಲ್ಲ ಅಂತ ಗೊತ್ತು. ನೀಲಿಗೆ ನಾಲ್ಕು ಅಕ್ಷರ ಬಂದು ದೇವರು ದಿಂಡರು ಬೇಡವಾಗಿದೆ ಅನ್ನುತ್ತೀ. ಅದಕ್ಕೆ ಒಂದು ಗುರುತು ಹೇಳುತ್ತೇನೆ, ಇದಕ್ಕಾಗಿ ಮತ್ತೆ ಆಡಬೇಕಾಗಿಲ್ಲ. ಅಜ್ಜನ ಕರೆಯ ಕೊನೆಯ ‘ಬಾ’ ಆದ ಮೇಲೆ, ಕುರಿಗಳ ಸದ್ದಿನ ಅಡಿಯಲ್ಲಿ ‘ನೀಲೀ’ ಎಂದು ಸಣ್ಣಗೆ ಕೇಳುತ್ತದೆ. ಅಜ್ಜ ನನ್ನ ಹೆಸರನ್ನೂ ಹಿಡಿದು ಕರೆಯುತ್ತಾನೆ ಎಂದು ಅವ್ವ ಎಷ್ಟು ಹೆಮ್ಮೆಯಿಂದ ಹೇಳಿದಳು. ಸ್ವಲ್ಪ ಯೋಚನೆ ಮಾಡು. ಅಜ್ಜ ನನ್ನನ್ನು ಎಂದಾದರೂ ನೀಲಿ ಎಂದು ಕರೆದಿದ್ದನೇ? ಅವನಿಗೆ ನಾನು ತಂಗೆವ್ವ, ಕಡೆಯ ದಿನ ನೀರು ಕೇಳುವಾಗಲೂ ತಂಗೆವ್ವ. ಅವ್ವನಿಗೆ ನಾನು ಬರೀ ಬೇ. ನೀಲಿ ಎನ್ನುವವನು ನೀನೊಬ್ಬನೇ. ಅವತ್ತು ಹೊಳೆಯ ದಂಡೆಯಲ್ಲಿ ನೀನು ಟಗರಿಗೆ ನೀರು ಕುಡಿಸುತ್ತಿದ್ದೆ, ನಾನು ಫೋನ್ ಹಿಡಿದು ಅಡ್ಡ ನಿಂತಿದ್ದೆ. “ನೀಲೀ, ಅತ್ಲಾಗ ಸರಿ ಬೇ,” ಎಂದು ಗದರಿದೆ. ವಿಶ್ವಾಸ ಕತ್ತರಿಸುವಾಗ ಅರ್ಧ ಉಳಿದುಬಿಟ್ಟಿದೆ. ಅದು ನಿನ್ನ ದನಿ ಅಣ್ಣಾ. ಅಜ್ಜ ಸತ್ತ ಮೇಲೆ ಬಂದು ಕರೆಯುತ್ತಾನೆ ಎಂದಾದರೆ ಅವನ ಜೊತೆ ನೀನು ಅಲ್ಲಿ ಏನು ಮಾಡುತ್ತಿದ್ದೀ? ನೀನಿನ್ನೂ ಜೀವಂತ ಇದ್ದೀಯಲ್ಲ.

ವ್ಯಾಪಾರಿಯನ್ನು ಮರಳಿ ಕಳಿಸು. ಮುಂಗಡ ತೆಗೆದುಕೊಂಡಿದ್ದರೆ ತಿರುಗಿ ಕೊಡು, ಖರ್ಚಾಗಿದ್ದರೆ ನನ್ನ ಮೇಲೆ ಹಾಕು, ಅವನ ಎದುರು ನಾನೇ ನಿಲ್ಲುತ್ತೇನೆ. ಅವ್ವನಿಗೆ ನೀನೇ ಹೇಳು. ಭಂಡಾರ ಹಚ್ಚಿದ ಕೈಗೆ ಈ ಕಾಗದ ಓದಿಸಬೇಡ, ಮೆಲ್ಲಗೆ ಹೇಳು. ಸರಿತಾ ಟೀಚರ್ ಸಂಜೆ ಬಸ್ಸಿಗೆ ತಿರುಗಿ ಬರುತ್ತಾರೆ. ಅವರ ಹತ್ತಿರ ಒಂದೇ ಮಾತು ಹೇಳಿ ಕಳಿಸು, ಹಿಂಡು ಐತಿ ಅಂತ. ಬೈಗುಳ ಆಮೇಲೆ ಕೇಳುತ್ತೇನೆ.

ನಾನೇ ಬರಬಹುದಿತ್ತು. ಶುಕ್ರವಾರ ಪರೀಕ್ಷೆ ಇದೆ ಎಂದು ಬರೆದರೆ ಅದು ನೆಪ. ಕುರಿಗಳ ನಡುವೆ ನಿಂತು, ನಿನ್ನ ಮುಖ ನೋಡಿ, ಅಜ್ಜನನ್ನು ಕೊಟ್ಟೆ ಎಂದು ಹೇಳುವ ಧೈರ್ಯ ನನಗಿಲ್ಲ.

ನಿನ್ನ ತಂಗಿ,
ನೀಲಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ಮೂಲ ರೆಕಾರ್ಡಿಂಗ್ ಎಲ್ಲಿ, ನಮಗಾದರೂ ಕೇಳಿಸು ಎಂದು ನೀನು ಕೇಳೇ ಕೇಳುತ್ತೀ. ಅದಿಲ್ಲ. ದನಿಗೆ ಕಂಪನಿಯವರು ಕೊಟ್ಟ ಹಣಕ್ಕೆ ಹಳೆಯ ಫೋನನ್ನೂ ಸೇರಿಸಿ ಹೊಸದು ತೆಗೆದುಕೊಂಡೆ, ಕಾಪಿ ಮಾಡಿಕೊಳ್ಳಲು ಮರೆತೆ. ವಿಶ್ವಾಸನ ಹತ್ತಿರವೂ ಬಿಡಿಯಾಗಿ ಉಳಿದಿಲ್ಲವಂತೆ. ಈಗ ಅಜ್ಜನ ದನಿ ಇರುವುದು ಆ ಆಟದೊಳಗೆ ಮಾತ್ರ. ಕೇಳಬೇಕೆಂದರೆ ಎರಡು ಕಂಬಳಿ ಬೀಳಬೇಕು. ಮೇಲೆ ಆಡಿ ನೋಡಿಲ್ಲ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕುವುದಿಲ್ಲ, ಸುಳ್ಳು ಎಂದು ತಿಳಿದುಕೋ. ಮೊದಲು ಅವರೇ ಕೊಡುವ ಪುಕ್ಕಟೆ ನಾಣ್ಯದಲ್ಲಿ ಕೇಳುತ್ತಿದ್ದೆ. ಅವು ಕಳೆದ ದೀಪಾವಳಿಗೂ ಮುಂಚೆ ಮುಗಿದಿವೆ. ಅವ್ವ ಮೆಸ್ಸಿಗೆಂದು ಕಳಿಸುವುದೂ ಈಗ ಅದರಲ್ಲೇ ಹೋಗುತ್ತಿದೆ. ಸೋಮವಾರ ಚಿಕ್ಕೋಡಿಗೆ ಬಾ, ನನ್ನ ಫೋನ್ ತೆಗೆದುಕೊಂಡು ಹೋಗು. ಬಸ್ ಸ್ಟ್ಯಾಂಡಿನಲ್ಲಿ ನಾನು ಅತ್ತು, ಒಂದೇ ಸಲ ಕೇಳಿ ಕೊಡುತ್ತೇನೆ ಎಂದರೂ ಬಿಡಬೇಡ.