ಪಂಚಮಿಗೆ ಅಂಗಡಿ ಸೀರೆ

ಇಳಕಲ್ಲಿನಿಂದ

ಕುಳಗೇರಿ ಕ್ರಾಸಿನ ಸಂಗವ್ವಕ್ಕನಿಗೆ ತಮ್ಮ ಕಾಶಪ್ಪನ ಶರಣು.

ಫೋನಿನಲ್ಲಿ ಹೇಳಿದರೆ ನಿನ್ನೊಬ್ಬಳನ್ನು ಬಿಟ್ಟು ಇಡೀ ಓಣಿಗೆ ಕೇಳಿಸುತ್ತದೆ, ಅದಕ್ಕೇ ಈ ಕಾಗದ. ಪ್ರತಿವರ್ಷದಂತೆ ಈ ಪಂಚಮಿಗೆ ನಿನಗೆ ಸೀರೆ ನೇಯಲು ಆಗಲಿಲ್ಲ. ತಪ್ಪು ಕೈಯದಲ್ಲ, ಮೊಣಕಾಲಿನದು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ರಾಜಗಾಂಭೀರ್ಯದಿಂದಲೇ ಇಳಿದೆ. ಮೇಲೆತ್ತಲು ಮಾತ್ರ ಮಗ ಚೇತನಕುಮಾರ ಪಕ್ಕದ ಮನೆಯ ಅಫ್ಜಲನನ್ನೂ ಕರೆಯಬೇಕಾಯಿತು.

"ಕಾಕಾ, ಇನ್ನೊಮ್ಮೆ ಇಳಿಯೂದಿದ್ರ ಮೊದ್ಲ ಹೇಳ್ರಿ, ಹಗ್ಗ ತರ್ತೇನಿ," ಅಂದ ಅಫ್ಜಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಚೇತನ, "ಅಪ್ಪಾ, ಸಾಕಿನ್ನ," ಎಂದು ಕುಣಿಗೆ ಮಣ್ಣು ತುಂಬಿಸಿದ.

ಇದರ ಜೊತೆ ಕಳಿಸಿದ್ದು ಅಂಗಡಿಯ ಸೀರೆ, ಪವರ್‌ಲೂಮಿನದು. ಒಂದೆಳೆಯೂ ತಪ್ಪಿಲ್ಲ, ತಮ್ಮ ನೇಯ್ದದ್ದಲ್ಲ ಎಂದು ನೀನು ಅದರಿಂದಲೇ ಕಂಡುಹಿಡಿಯುತ್ತೀ. ಅದನ್ನು ಸೊಸೆಗೆ ಕೊಡು. ನೀನು ಹಬ್ಬಕ್ಕೆ ಬರುವಾಗ ನಾನು ನೇಯ್ದ ಹಳೆಯದೊಂದನ್ನು ಉಟ್ಟು ಬಾ. ಹರಿದಿದ್ದರೆ ನಾಚಬೇಡ. ಕಟ್ಟೆಯ ಮೇಲೆ ಕೂತು ರಫು ಮಾಡಿಕೊಡುತ್ತೇನೆ. ಈ ವರ್ಷ ಅಷ್ಟಾದರೂ ನನ್ನ ಕೈಯಿಂದ ಆಗಲಿ.

ನಿನ್ನ ತಮ್ಮ,
ಕಾಶಪ್ಪ