ಅತ್ತೆಯವರನ್ನು ಬಾಗಿಲಿಗೆ ಮರಳಿಸಿ

ಸಭಾಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ತಾವು ನಮ್ಮ ಅತ್ತೆಯವರಿಗೆ ಮಾಡಿರುವ ಸನ್ಮಾನವನ್ನು ದಯಮಾಡಿ ವಾಪಸ್ ತೆಗೆದುಕೊಳ್ಳಬೇಕು. ಇದು ನನ್ನೊಬ್ಬನ ಕೋರಿಕೆಯಲ್ಲ. ನಮ್ಮ ಮನೆಯವರದ್ದು, ಮಹಡಿ ಮನೆಯ ಡ್ರಾಯಿಂಗ್ ಮೇಷ್ಟ್ರದ್ದು, ನಮ್ಮ ಬೀದಿಗೆ ಪಾರ್ಸೆಲ್ ತರುವವನದ್ದೂ ಹೌದು. ಖುದ್ದಾಗಿ ಬಂದು ಕೇಳಿದಾಗ ತಾವು "ಮಂಡಳಿಯಲ್ಲಿಟ್ಟು ನೋಡೋಣ" ಎಂದಿರಿ. ಮಂಡಳಿಯಲ್ಲಿಟ್ಟದ್ದು ಮಂಡಳಿಯಲ್ಲೇ ಇರುತ್ತದೆ ಎಂಬುದು ಇಡೀ ಸಭೆಗೆ ಗೊತ್ತಿರುವ ವಿಷಯ. ಆದ್ದರಿಂದ ಈ ಪತ್ರವನ್ನು ನಮ್ಮ ಸಭೆಯ ವಾರಪತ್ರಿಕೆಗೇ ಕೊಟ್ಟಿದ್ದೇನೆ.

ಗೊತ್ತಿಲ್ಲದವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನ ಮದುವೆಗೂ ಮುಂಚಿನಿಂದ ಪ್ರತಿ ಭಾನುವಾರ ಆರಾಧನೆಗೆ ಬರುವವರನ್ನು ನಮ್ಮ ಚರ್ಚಿನ ದೊಡ್ಡ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಿದ್ದವರು ನಮ್ಮ ಅತ್ತೆ. ಬಂದವರಿಗೆ "ಬನ್ನಿ" ಅನ್ನುವುದು, ಕೈಗೆ ಕೀರ್ತನೆ ಪುಸ್ತಕ ಕೊಡುವುದು, ಕೂರಲು ಜಾಗ ತೋರಿಸುವುದು, ಇಷ್ಟೇ ಕೆಲಸ. ಎರಡು ತಿಂಗಳ ಹಿಂದೆ ತಾವು ಮೈಕಿನ ಮುಂದೆ ನಿಂತು, ಅವರ ವಯಸ್ಸನ್ನು ಮನ್ನಿಸಿ ಮಂಡಳಿಯು ಅವರನ್ನು "ಸಕಲ ಜವಾಬ್ದಾರಿಗಳಿಂದ ಗೌರವಪೂರ್ವಕವಾಗಿ ಬಿಡುಗಡೆಗೊಳಿಸಿ" ಗೌರವ ಸದಸ್ಯರನ್ನಾಗಿ ಮಾಡಿದೆ ಎಂದು ಓದಿದಿರಿ. ಮುಂದಿನ ಸಾಲಿನಲ್ಲಿ ಅವರಿಗೆಂದೇ ಮೆತ್ತೆ ಹಾಕಿದ ಕುರ್ಚಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ಜೋರಾಗಿ ತಟ್ಟಿದರು. ಬೇರೆ ಯಾರನ್ನೋ ಕಳಿಸಿಕೊಡುತ್ತಿದ್ದಾರೆ ಅಂದುಕೊಂಡಿದ್ದರಂತೆ.

ಸ್ವಾಮೀ, ಜವಾಬ್ದಾರಿ ಎಂಬುದು ಬಿಡುಗಡೆಯಾಗುವುದಿಲ್ಲ. ಅದು ಮನೆಗೆ ಬರುತ್ತದೆ. ಈಗ ನಾನು ಕೆಲಸ ಮುಗಿಸಿ ನಮ್ಮ ಮನೆಗೆ ನಾನೇ ಬಂದರೆ ಬಾಗಿಲಲ್ಲಿ "ಬನ್ನಿ, ಬನ್ನಿ, ಮುಂದೆ ಜಾಗ ಇದೆ" ಎಂಬ ಸ್ವಾಗತ. ತಿಂಡಿಗೆ ಯಾರು ತಡವಾಗಿ ಬಂದರೂ ಅವರಿಗೆ ಹಿಂದಿನ ಕುರ್ಚಿ. ಪಾರ್ಸೆಲ್ ತರುವವನು ಸಹಿ ಕೇಳಿದರೆ, "ಹೊಸಬರಾ? ಒಬ್ರೇ ಬಂದ್ರಾ? ಮನೇವರನ್ನೂ ಕರ್ಕೊಂಡು ಬನ್ನಿ" ಎಂದು ಸೋಫಾದ ಮೇಲೆ ಕೂರಿಸಿ ಕೀರ್ತನೆ ಪುಸ್ತಕ ಕೊಟ್ಟಿದ್ದಾರೆ. ಆತ ಈಗ ಪಾರ್ಸೆಲ್ಲನ್ನು ಕಾಂಪೌಂಡಿನ ಮೇಲಿಟ್ಟು ಓಡುತ್ತಾನೆ. ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಸೀನಿದ್ದೇ ತಪ್ಪಾಯಿತು, ಅತ್ತೆ ಬಿಸಿನೀರಿನ ಫ್ಲಾಸ್ಕಿನೊಂದಿಗೆ ಮಹಡಿ ಹತ್ತಿ, ಕಾಯಿಲೆಯವರ ಭೇಟಿ ಎಂದು ಪ್ರಾರ್ಥನೆ ಮಾಡಿ, ಕೀರ್ತನೆಯ ಸಮಸ್ತ ಚರಣಗಳನ್ನೂ ಹಾಡಿ ಬಂದರು. ಮೇಷ್ಟ್ರು ಈಗ ದಿಂಬಿಗೆ ಮುಖ ಒತ್ತಿ ಸೀನುತ್ತಾರೆ ಎಂದು ಅವರ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಾರೆ. ಒಂದು ಸಭೆಗೆ ಸಾಲುವಷ್ಟು ಆದರವನ್ನು ಒಂದು ಮನೆ ತಡೆದುಕೊಳ್ಳಲು ಸಾಧ್ಯವೇ?

ಮಂಡಳಿಯ ನಿಜವಾದ ಕಾರಣ ವಯಸ್ಸಲ್ಲ ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ಅತ್ತೆ ಎಡವಟ್ಟು ಮಾಡುತ್ತಾರೆ. ಒಪ್ಪಿದೆ. ಹಿರಿಯ ಸಭಾಪಾಲಕರು ಅತಿಥಿಯಾಗಿ ಬಂದಾಗ ಅವರನ್ನು ಗುರುತಿಸದೆ, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದು ಕಂಬದ ಹಿಂದೆ ಕೂರಿಸಿದ್ದು ನಿಜ. ದಾರಿ ಕೇಳಲು ಬಂದ ದಂಪತಿಗೆ ದಾರಿ ಹೇಳದೆ ಆರಾಧನೆ ಮುಗಿಯುವ ತನಕ ಕೂರಿಸಿಕೊಂಡದ್ದೂ ನಿಜ. ಅವರು ಹೋಗಬೇಕಿದ್ದ ಮದುವೆ ಅಷ್ಟರಲ್ಲಿ ಮುಗಿದಿತ್ತು. ಆದರೆ ಮಂಡಳಿಯ ಸಭೆಗಳಲ್ಲಿ ಪದೇ ಪದೇ ಎತ್ತಿ ಆಡುವ ಎಡವಟ್ಟು ಇನ್ನೊಂದಿದೆ. ಧ್ವನಿವರ್ಧಕ ಕೆಟ್ಟ ಭಾನುವಾರ, ಅದನ್ನು ರಿಪೇರಿ ಮಾಡಲು ಬಂದವನನ್ನೇ ಅತ್ತೆ ಮುಂದಿನ ಸಾಲಿನಲ್ಲಿ ಕೂರಿಸಿಬಿಟ್ಟರು. ಅಂದು ಹಿಂದಿನ ಅರ್ಧ ಸಭೆಗೆ ಸಭಾಪಾಲಕರ ಪ್ರಸಂಗ ಕೇಳಿಸಲೇ ಇಲ್ಲ.

ಆ ರಿಪೇರಿಯವನು ನಾನೇ.

ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದೆ. "ಮೇಡಂ, ಸ್ಪೀಕರ್ ನೋಡ್ಬೇಕಿತ್ತು" ಅಂದೆ. "ನೋಡೋರಂತೆ, ಮೊದ್ಲು ಕೂತ್ಕೊಳ್ಳಿ, ಶುರುವಾಗೋ ಹೊತ್ತು" ಅಂದರು. ಬ್ಯಾಗನ್ನು ನನ್ನ ಹೆಗಲಿಂದ ಇಳಿಸಿ ಬೆಂಚಿನ ಕೆಳಗೆ ತಳ್ಳಿ, ಪುಸ್ತಕವನ್ನು ಕೈಗಿತ್ತು, ಪುಟವನ್ನೂ ತೆರೆದುಕೊಟ್ಟು ಹೋದರು. ಈ ಊರಿಗೆ ಆಗ ನಾನು ಹೊಸಬ. ನನಗೆ ಕೂರಿ ಎಂದು ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ರಿಪೇರಿಯವನಿಗೆ ಯಾರು ಕುರ್ಚಿ ಹಾಕುತ್ತಾರೆ? ಎದ್ದು ಹೋಗಬೇಕೆಂದುಕೊಂಡೆ, ಕಾಲು ಏಳಲಿಲ್ಲ. ಮುಂದಿನ ವಾರ ಸ್ಪೀಕರ್ ನೆಪದಲ್ಲಿ ಬಂದೆ. ಅದರ ಮುಂದಿನ ವಾರ ನೆಪವೂ ಇಲ್ಲದೆ ಬಂದೆ. ಗಾಯನ ವೃಂದದಲ್ಲಿ ಅವರ ಮಗಳು ಹಾಡುತ್ತಿದ್ದಳು ಎಂಬುದೂ ಒಂದು ಕಾರಣ ಎಂದು ಕೆಲವರು ಆಡಿಕೊಳ್ಳುತ್ತಾರೆ. ಅಲ್ಲಗಳೆಯುವುದಿಲ್ಲ.

ನನ್ನನ್ನು ಸದಸ್ಯನಾಗಿ ಸೇರಿಸಿಕೊಂಡ ದಿನ ನನಗೆ ನೆನಪಿದೆ. ಸಭಾಪಾಲಕರಾದ ಅಯ್ಯನವರು ನನ್ನನ್ನು ಕೇಳಿದರು: ಈ ಸಭೆಯ ಸುಖದುಃಖದಲ್ಲಿ ಪಾಲುಗೊಳ್ಳುತ್ತೀಯಾ, ನಿನ್ನ ಶಕ್ತಿಯಿರುವ ತನಕ ಸೇವೆ ಮಾಡುತ್ತೀಯಾ? ಮಾಡುತ್ತೇನೆ ಎಂದೆ. ಆಮೇಲೆ ಇಡೀ ಸಭೆಯನ್ನು ಎದ್ದು ನಿಲ್ಲಿಸಿ, ಇವನನ್ನು ನಿಮ್ಮವನೆಂದು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ತಾವೂ ಎದ್ದು ನಿಂತು ಹೌದು ಎಂದವರೇ. "ಶಕ್ತಿಯಿರುವ ತನಕ" ಎಂಬುದಕ್ಕೆ "ಮಂಡಳಿಗೆ ಮುಜುಗರವಾಗುವ ತನಕ" ಎಂದು ಅರ್ಥವಿದೆ ಎಂದು ನನಗಂತೂ ಯಾರೂ ಹೇಳಿಕೊಡಲಿಲ್ಲ. ಸದಸ್ಯತ್ವವೆಂದರೆ ಏನೆಂದು ತಿಳಿದಿದ್ದೀರಿ? ಕ್ಲಬ್ಬಿನ ಕಾರ್ಡೇ? ನಿವೃತ್ತಿಯಾದವರಿಗೆ ಮೆತ್ತೆ ಕುರ್ಚಿ ಕೊಟ್ಟು ಕೈ ತೊಳೆದುಕೊಳ್ಳುವುದಕ್ಕೆ ಇದೇನು ಕಚೇರಿಯೇ? ಇಲ್ಲಿ ಒಬ್ಬರ ಕೆಲಸವನ್ನು ಕಿತ್ತುಕೊಳ್ಳುವುದೆಂದರೆ ಅವರು ಕೊಟ್ಟ ಮಾತನ್ನೇ ಕಿತ್ತುಕೊಂಡ ಹಾಗೆ. ಅವರು ಮಾತು ಕೊಟ್ಟದ್ದು ಮಂಡಳಿಗಲ್ಲ.

ಆ ಕುರ್ಚಿಯಲ್ಲಿ ಅತ್ತೆ ಕೂತದ್ದು ಎರಡೇ ವಾರ. ಮೊದಲ ವಾರ ಕತ್ತು ತಿರುಗಿಸಿ ಬಾಗಿಲನ್ನೇ ನೋಡುತ್ತಿದ್ದರು, ಕತ್ತು ಹಿಡಿದುಕೊಂಡಿತು. ಎರಡನೆಯ ವಾರ ಪ್ರಸಂಗದ ನಡುವೆ ಕುರ್ಚಿಯನ್ನೇ ಕಿರ್ರೆಂದು ಬಾಗಿಲ ಕಡೆಗೆ ತಿರುಗಿಸಿಕೊಂಡರು. ತಾವು ಹೋಗಿ ಅದನ್ನು ಮತ್ತೆ ನೇರ ಮಾಡಿದಿರಿ. ಅಂದಿನಿಂದ ಅತ್ತೆ ಚರ್ಚಿಗೆ ಬಂದಿಲ್ಲ.

"ಕೆಲಸ ಇಲ್ಲ ಅಂದ್ಮೇಲೆ ನಾನು ಆ ಮನೆಗೆ ನೆಂಟಳು" ಅಂದರು. "ನೆಂಟರು ಎಷ್ಟು ದಿನ ಅಂತ ಕೂತಿರ್ತಾರೆ, ನೀವೇ ಹೇಳಿ."

ಈಗಲೂ ಶನಿವಾರ ಸಂಜೆ ಭಾನುವಾರದ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಅದನ್ನು ಮಡಿಸಿ ಬೀರುವಿನಲ್ಲಿಡುತ್ತಾರೆ. ಅದನ್ನು ನೋಡುವಾಗ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ನಗು ಬರುವುದಿಲ್ಲ.

ಹೋದ ಭಾನುವಾರದ್ದನ್ನೂ ಹೇಳಲೇಬೇಕು. ನಾನು ಎಂದಿನಂತೆ ಮೇಲಿನ ಗ್ಯಾಲರಿಯಲ್ಲಿ ಮೈಕಿನ ಗುಂಡಿ ತಿರುಗಿಸುತ್ತಾ ಕೂತಿದ್ದೆ. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತಳು. ಒಳಗೆ ಇಣುಕಿದಳು. ಕೆಲವರು ತಿರುಗಿ ನೋಡಿ ಮತ್ತೆ ಮುಂದಕ್ಕೆ ತಿರುಗಿದರು. ತಾವೂ ನೋಡಿದಿರಿ. ಆಗ ತಾವು ಓದುತ್ತಿದ್ದ ಪ್ರಕಟಣೆ, "ಹೊಸದಾಗಿ ಬಂದಿರುವ ಎಲ್ಲರನ್ನೂ ಸಭೆಯು ಹೃತ್ಪೂರ್ವಕವಾಗಿ ಸ್ವಾಗತಿಸುತ್ತದೆ." ನಾನು ದಡದಡನೆ ಮೆಟ್ಟಿಲಿಳಿದು ಬಾಗಿಲಿಗೆ ಬರುವಷ್ಟರಲ್ಲಿ ಅವಳಿರಲಿಲ್ಲ. ಬೀದಿಯ ತಿರುವಿನ ತನಕ ಓಡಿದೆ, ಅಲ್ಲೂ ಇರಲಿಲ್ಲ. ತಮ್ಮ ಸ್ವಾಗತ ಮಾತ್ರ ಅಲ್ಲಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಧ್ವನಿವರ್ಧಕ ಈಗ ಚೆನ್ನಾಗಿದೆ.

ಬರುವ ಭಾನುವಾರ ನನ್ನ ಮಗಳನ್ನು ಸದಸ್ಯೆಯಾಗಿ ಸೇರಿಸಿಕೊಳ್ಳುತ್ತೀರಿ. ಅದಕ್ಕಾಗಿ ನಡೆಯುವ ತರಗತಿಯಲ್ಲಿ ಅಯ್ಯನವರು ಸದಸ್ಯರ ಕರ್ತವ್ಯವೇನೆಂದು ಕೇಳಿದಾಗ ಇವಳು, "ತಡವಾಗಿ ಬಂದೋರಿಗೆ ಜಾಗ ಬಿಡೋದು" ಎಂದಳಂತೆ. ಯಾರು ಹೇಳಿಕೊಟ್ಟದ್ದೆಂದು ಕೇಳಬೇಕಾಗಿಯೇ ಇಲ್ಲ. ಮೊನ್ನೆ ಊಟಕ್ಕೆ ಕೂತಾಗ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಜ್ಜಿ ಬಾಗಿಲಲ್ಲಿ ಇಲ್ದಿದ್ರೆ ನಾನು ಒಳಗೆ ಬರಲ್ಲ. ಯಾರು ಕರೆದ್ರು ಅಂತ ಬರ್ಲಿ?" ಅವಳ ಅಮ್ಮ ಗದರಿದಳು. ಅತ್ತೆ ತಟ್ಟೆಯಿಂದ ತಲೆಯೆತ್ತಲಿಲ್ಲ, ಆದರೆ ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶನಿವಾರದೊಳಗೆ ತಾವೇ ನಮ್ಮ ಮನೆಗೆ ಬಂದು ಬೆಲ್ ಒತ್ತಬೇಕು. ಅತ್ತೆ ಬಾಗಿಲು ತೆಗೆಯುತ್ತಾರೆ, "ಬನ್ನಿ" ಅನ್ನುತ್ತಾರೆ, ಪುಸ್ತಕ ಕೊಡುತ್ತಾರೆ, ಮುಂದೆ ಕೂರಿಸುತ್ತಾರೆ. ವಾದ ಮಾಡದೆ ಕೂರಬೇಕು. ಹೇಗನ್ನಿಸುತ್ತದೆ ನೋಡಬೇಕು. ಆಮೇಲೆ, ಮನಸ್ಸಾದರೆ, "ಅಮ್ಮಾ, ಭಾನುವಾರ ಬಾಗಿಲಿಗೆ ಬನ್ನಿ" ಎಂದು ಕೇಳಬೇಕು. ಮೆತ್ತೆ ಕುರ್ಚಿಯನ್ನು ಎಸೆಯುವುದು ಬೇಡ, ಅವರ ಕಾಲು ನೋಯುತ್ತದೆ, ಅದನ್ನು ಬಾಗಿಲ ಪಕ್ಕಕ್ಕೆ ಹಾಕಿಸಿ. ಬರಲಾಗದಿದ್ದರೆ ಭಾನುವಾರ ನಾವೆಲ್ಲರೂ ಹೊಸ ಬಟ್ಟೆ ಹಾಕಿಕೊಂಡು ದೊಡ್ಡ ಬಾಗಿಲ ಹೊರಗೆ ನಿಂತಿರುತ್ತೇವೆ, ಯಾರಾದರೂ ಎದ್ದು ಬಂದು ಕರೆಯುವ ತನಕ. ತಾವು ಮೈಕಿನಲ್ಲಿ ಕರೆದರೆ ಸಾಲದು.

ಇಂತಿ,
ಸ್ಪೀಕರ್ ನೋಡಿ ಹೊರಟುಬಿಡೋಣವೆಂದು ಬಂದು, ಮುಂದೆ ಜಾಗವಿದೆ ಎಂದದ್ದಕ್ಕೆ ಇಂದಿಗೂ ಹೊರಡದೇ ಇರುವ,
ತಮ್ಮ ಸಭೆಯ ಒಬ್ಬ ಸದಸ್ಯ